ಕುರ್ತಕೋಟಿ ರಸ್ತೆಯ ತಿರುವು

೧೪ ಸೆಪ್ಟೆಂಬರ್ ೨೦೨೪, ಶನಿವಾರ. ಗದಗ

ದಪ್ಪ ಪೆನ್ನಿನಲ್ಲಿ ಬರೆದರೂ ನನ್ನ ಅಕ್ಷರ ನನಗೇ ಕಾಣುವುದಿಲ್ಲ. ಸಾಲಿನ ಮೇಲೆ ಸಾಲು ಬಿದ್ದರೆ ಬೀಳಲಿ, ಓದುವವರು ಯಾರಿದ್ದಾರೆ.

ಬೆಳಿಗ್ಗೆ ಕುರ್ತಕೋಟಿಯ ತಂಗಿಯ ಮನೆಗೆ ಹೊರಟೆವು. ಹತ್ತೊಂಬತ್ತು ವರ್ಷ ರ‍್ಯಾಲಿಗಳಲ್ಲಿ ಪಂದ್ಯದ ಕಾರು ಓಡಿಸಿದವನು, ಸ್ಟೀರಿಂಗ್ ಹಿಡಿದ ಹೆಂಡತಿ ಶೈಲಾಳ ಪಕ್ಕ ಕೈಕಟ್ಟಿ ಕೂತಿದ್ದೆ. ಆಗೆಲ್ಲ ಗೆಳೆಯ ವೀರು ಪಕ್ಕದ ಸೀಟಿನಲ್ಲಿ ದಾರಿಯ ವಿವರ ಬರೆದಿಟ್ಟ ಪುಸ್ತಕ ಹಿಡಿದು ಮುಂದಿನ ತಿರುವುಗಳನ್ನು ಕೂಗಿ ಹೇಳುತ್ತಿದ್ದ. ಕಣ್ಣು ಹೋದ ಮೇಲೆ ಆ ಕೆಲಸ ನನ್ನದು. ಪುಸ್ತಕ ಬೇಡ, ಈ ರಸ್ತೆ ನನಗೆ ಬಾಯಿಪಾಠ.

"ಹಳ್ಳ ದಾಟ್ತು. ಈಗ ಬಲಕ್ಕ ದೊಡ್ಡ ತಿರುವು. ಎರಡನೇ ಗೇರಿಗೆ ತಗೋ," ಎಂದೆ.

"ಹೂನ್ರಿ," ಎಂದಳು ಶೈಲಾ. ವೇಗ ಇಳಿಯಿತು. ಕಾರು ಬಲಕ್ಕೆ ಸರಿದು, ತಕ್ಷಣ ಎಡಕ್ಕೆ ಬಂದು ನೆಟ್ಟಗಾಯಿತು. ತಿರುವಿನಲ್ಲಿ ಸೊಂಟದ ಮೇಲೆ ಬೀಳಬೇಕಾದ ಭಾರ ಬೀಳಲೇ ಇಲ್ಲ. ಹೋದ ಸಲವೂ ಹೀಗೇ ಆಗಿತ್ತು. ಮೈಯೂ ಮಂಕಾಯಿತೇನೋ ಎಂದು ನನ್ನ ಮೇಲೇ ಅನುಮಾನಪಟ್ಟಿದ್ದೆ.

ತಂಗಿಯ ಮನೆಯಲ್ಲಿ ಶೈಲಾ ಹಿತ್ತಲಿಗೆ ಹೋದಾಗ ಆ ತಿರುವಿನ ಬಗ್ಗೆ ತಂಗಿಯನ್ನು ಮೆಲ್ಲಗೆ ಕೇಳಿದೆ.

"ಆ ತಿರುವು ಈಗೆಲ್ಲೈತಿ ಅಣ್ಣಾ? ರಸ್ತಾ ನೆಟ್ಟಗ ಮಾಡಿ ನಾಕು ತಿಂಗಳಾತು," ಎಂದಳು.

ಚಹಾದ ಕಪ್ಪು ಕೆಳಗಿಟ್ಟೆ. ಸಿಟ್ಟು ಮಾಡಬೇಕೆಂದರೆ ಯಾರ ಮೇಲೆ ಮಾಡಲಿ? ಇಲ್ಲದ ತಿರುವನ್ನು ಕೂಗಿದವನು ನಾನು. ನನಗಾಗಿ ಅಲ್ಲಿ ಕಾರು ತಿರುಗಿಸಿದವಳು ಶೈಲಾ.

ಸಂಜೆ ಮರಳುವಾಗ ಒಂದು ತಿರುವನ್ನೂ ಕೂಗಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಶೈಲಾ ತಾನಾಗಿಯೇ ವೇಗ ಇಳಿಸಿದಳು.

"ಯಾಕ್ರಿ, ತಿರುವು ಬಂತಲ್ಲ, ಹೇಳೂದಿಲ್ಲೇನ್ರಿ?"

"ಎಡಕ್ಕ," ಎಂದೆ.