ಅತ್ತೆಯ ಬಟ್ಟೆ ಕ್ಲಿಪ್ಪುಗಳು

ಅತ್ತೆಯವರಿಗೆ ನಮಸ್ಕಾರ.

"ಇಂಗ್ಲಿಷ್ ಟೀಚರ್‌ಗಳ ಸಮ್ಮೇಳನಕ್ಕೆ ಬಟ್ಟೆ ಕ್ಲಿಪ್ಪು ಯಾಕಮ್ಮಾ, ಅಲ್ಲೇನು ಬಟ್ಟೆ ಒಗೀತೀಯಾ?" ಎಂದು ನಕ್ಕಿದ್ದಿರಲ್ಲ, ಈಗ ಕೇಳಿ. ಇಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಆಸಕ್ತಿಯ ಗುಂಪು. ನಮ್ಮದು ಕಿಕ್ಕಿರಿದ ತರಗತಿಗಳಿಗೆ ಪಾಠ ಮಾಡುವವರದು. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಪದಗಳ ಚೀಟಿ ತೂಗುಹಾಕಿ, ನಮ್ಮ ಶಾಲೆಯ ಮಕ್ಕಳು ಮಾಡುವ ಹಾಗೆಯೇ ವಾಕ್ಯ ಜೋಡಿಸಿ ಎಂದೆ. ತಲೆ ನರೆತ ಪ್ರೊಫೆಸರೊಬ್ಬರು ಕ್ಲಿಪ್ಪಿಗಾಗಿ ಪಕ್ಕದವರೊಡನೆ ಕಿತ್ತಾಡಿದರು! ಮುಂದಿನ ವರ್ಷ ಗುಂಪನ್ನು ನಾನೇ ನಡೆಸಬೇಕಂತೆ.

"ಯಾರು ಕಲಿಸಿದ್ದು?" ಎಂದು ಕೇಳಿದರು.

"ನಮ್ಮತ್ತೆ ಒಂದೇ ಹಗ್ಗದಲ್ಲಿ ಇಡೀ ಮನೆ ಬಟ್ಟೆ ಒಣಗಿಸೋದನ್ನ ನೋಡಿ ಹೊಳೀತು" ಎಂದೆ. ಚಪ್ಪಾಳೆ ನಿಮಗೇ ಬಿತ್ತು.

ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ. ಕಾರ್ಡು ತುಂಬಿತು. ಕ್ಲಿಪ್ಪುಗಳನ್ನೆಲ್ಲ ಅವರು ನೆನಪಿಗೆಂದು ಹಂಚಿಕೊಂಡು ಹೋದರು; ಬಟ್ಟೆ ಗಾಳಿಗೆ ಹಾರಿದರೆ ನನ್ನನ್ನು ಬೈಯಬೇಡಿ.

ನಿಮ್ಮ ಸೊಸೆ