ಹೊಂಗೆ ಮರದ ಕೆಳಗಿನ ಕಟ್ಟೆ

ಸಾರಕ್ಕಿ, ಬೆಂಗಳೂರು
೨೪ ಫೆಬ್ರವರಿ ೨೦೨೫

ಪ್ರೀತಿಯ ಕೆಂಚವ್ವನಿಗೆ,

ನಿನ್ನ ಮಂಗಮ್ಮಕ್ಕನ ನಮಸ್ಕಾರ. ನಾವಿಲ್ಲಿ ಹೇಗೋ ಇದ್ದೇವೆ, ನೀವೆಲ್ಲ ಊರಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿತ್ತು. ಎಳ್ಳು ಬೀರಿದ್ದಾಯಿತು, ಅವರೆಕಾಯಿ ಕಾಲವೂ ಮುಗಿಯುತ್ತಾ ಬಂತು, ಕಾಗದ ಮಾತ್ರ ಹೊರಡಲಿಲ್ಲ. ಬೈದುಕೋ, ಪರವಾಗಿಲ್ಲ. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತಿದ್ದದ್ದೇ. ನಾನು ಕಿರುಚುವುದು, ನೀನು "ಏನಂದಿ?" ಎನ್ನುವುದು, ಇಡೀ ವಠಾರಕ್ಕೆ ಸುದ್ದಿ ಗೊತ್ತಾಗಿ ನಿನಗೊಬ್ಬಳಿಗೇ ಗೊತ್ತಾಗದೆ ಉಳಿಯುವುದು. ಅದಕ್ಕಿಂತ ಮೊಮ್ಮಗಳು ಮಧುಶ್ರೀ ಪಕ್ಕದಲ್ಲಿ ಕೂತು ನಿಧಾನವಾಗಿ ಓದಿ ಹೇಳಲಿ.

ನಮ್ಮ ಯಜಮಾನರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನೀನಿದ್ದ ಮೂಲೆ ಮನೆಗೆ ಅಸ್ಸಾಮಿನ ಗಂಡಹೆಂಡಿರು ಬಂದಿದ್ದಾರೆ. ಅವನ ಹೆಸರು ದೀಪೇನ್. ಈಚೆಗೆ ಕಾವಲು ಕೆಲಸ ಸಿಕ್ಕಿದೆ. "ಆಂಟಿ, ಊಟ ಆಯ್ತಾ?" ಎಂಬುದೊಂದು ಕಲಿತಿದ್ದಾನೆ, ಬೆಳಗ್ಗೆ ಏಳಕ್ಕೂ ಅದನ್ನೇ ಕೇಳುತ್ತಾನೆ. ಒಳ್ಳೆಯ ಹುಡುಗ. ನೀನು ಹಿತ್ತಿಲಲ್ಲಿ ಹಾಕಿದ್ದ ಪುಂಡಿಪಲ್ಯ ಈಗಲೂ ತಾನಾಗಿ ಏಳುತ್ತಿದೆ. ನಮಗೆ ಅದರ ಹುಳಿ ಹಿಡಿಸುವುದಿಲ್ಲ ಎನ್ನುತ್ತಿದ್ದ ಯಜಮಾನರು ಈಗ ವಾರಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳುತ್ತಾರೆ.

ಇನ್ನು ನೀನು ಪ್ರತಿಸಲ ಕೇಳುವ ಮಾತಿಗೆ ಬರುತ್ತೇನೆ. ನೀನು ಹೋದಂದಿನಿಂದ ನಾನು ದಿನಾ ಬೆಳಗ್ಗೆ ಹಾಲು ತರುವ ನೆಪದಲ್ಲಿ ಕಟ್ಟೆಯ ಕಡೆ ಹೋಗಿ, ಕೂಲಿಗೆ ಕಾದು ಕೂತವರ ಮುಖವನ್ನೆಲ್ಲ ನೋಡಿಕೊಂಡೇ ಬಂದಿದ್ದೇನೆ. ಮುಖಕ್ಕಿಂತ ಮೊದಲು ಕಿವಿ ನೋಡುತ್ತೇನೆ. "ಹರಿದ ಕಿವಿ ನೋಡಕ್ಕಾ, ಗಡ್ಡ ಬಿಟ್ಟಿದ್ರೂ ನಮ್ಮ ಹೊಳೆಪ್ಪ ಗುರ್ತು ಸಿಗ್ತಾನ" ಎಂದು ನೀನು ಬಸ್ಸು ಹತ್ತುವಾಗ ಹೇಳಿದ್ದು ಮರೆತಿಲ್ಲ. ನಿನ್ನ ಮಗ ಹೊಳೆಪ್ಪ ಗೋವಾ ಕಡೆಯ ಮೇಸ್ತ್ರಿಯ ಹಿಂದೆ ಹೊರಟು ನಿಂತ ದಿನ ನೀನು ಬಾಗಿಲಲ್ಲಿ ನಿಂತು, "ಹೋದಿ ಅಂದ್ರ ಮತ್ತ ನನ್ನ ಹೊಸ್ತಿಲ ತುಳೀಬ್ಯಾಡ" ಎಂದದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಅವನು ತಿರುಗಿ ನೋಡದೆ ಹೋದ. ಅಂದಿನಿಂದ ನೀನು ಹೇಳುತ್ತಲೇ ಬಂದೆ, ಅವನು ಬಂದರೂ ಮನೆಗೆ ಬರುವುದಿಲ್ಲ, ಕಟ್ಟೆಗೇ ಬಂದು ಕೂರುತ್ತಾನೆ, ಅಲ್ಲಿ ಅಕಸ್ಮಾತ್ ಕಂಡವಳಂತೆ ಮಾಡಿ ಕರೆದುಕೊಂಡು ಬರುತ್ತೇನೆ ಎಂದು. ತಾಯಿ ಮಗ ಇಬ್ಬರಿಗೂ ಹಠದಲ್ಲಿ ಏನೂ ಕಡಿಮೆ ಇಲ್ಲ.

ಆ ಕಟ್ಟೆಯ ಮೇಲೆ ಈಗ ವಾರ್ಡ್ ಆಫೀಸಿನವರ ಕಣ್ಣು ಬಿದ್ದಿದೆ. ಡಿಸೆಂಬರಿನಲ್ಲಿ ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ನಮ್ಮ ಬೀದಿಗೆ ಹೊಸ ಜೀವ ಕೊಡುವ ಯೋಜನೆಯಂತೆ. ಇಷ್ಟು ದಿನ ಬೀದಿ ಸತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಸಂಗೀತಾ ಎಂಬ ಪ್ಲಾನಿಂಗ್ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿದರು. ಪಾಪ, ಮೆತ್ತಗಿನ ಹೆಣ್ಣು. ಇಲ್ಲಿ ಹತ್ತಾರು ಕಡೆಯ ಜನ ಇದ್ದಾರೆ, ಅದೇ ಈ ಬೀದಿಯ ಸೊಬಗು ಎಂದು ಚೆನ್ನಾಗಿಯೇ ಹೇಳಿದರು. ಗೋಡೆಯ ಮೇಲೆ ಬಣ್ಣದ ಚಿತ್ರ ಬರೆಸುತ್ತಾರಂತೆ. ಅದರಲ್ಲಿ ತಲೆಯ ಮೇಲೆ ಗಾರೆ ಬಾಣಲಿ ಹೊತ್ತ ಒಬ್ಬಳು ಹೆಂಗಸು, ಇಳಕಲ್ ಸೀರೆ, ಥೇಟ್ ನೀನೇ ಕಣೆ! ಗೋಡೆಯಲ್ಲಿ ಅವಳಿದ್ದಾಳೆ, ಅವಳು ಕೂರುವ ಕಟ್ಟೆ ಮಾತ್ರ ಚಿತ್ರದಲ್ಲಿ ಇಲ್ಲ. ಅಲ್ಲಿ ಬೇಲಿ ಹಾಕಿದ ಹೂದೋಟವಿದೆ.

ನಾನು ಎದ್ದು ನಿಂತು ಕೇಳಿಯೇ ಬಿಟ್ಟೆ. "ಮೇಡಂ, ಹೊಂಗೆ ಮರದ ಕೆಳಗಿನ ಕಟ್ಟೆ ಎಲ್ಲೋಯ್ತು?"

ಅವರು ಕಾಗದ ತಿರುವಿ, "ಅದು ಖಾಲಿ ಜಾಗ ಅಂತ ಸರ್ವೆಯಲ್ಲಿ ಇದೆ ಅಮ್ಮ" ಎಂದರು.

ಖಾಲಿಯಾಗಿರದೆ ಇನ್ನೇನು! ಸರ್ವೆಯವರು ಟಿಫನ್ ಮುಗಿಸಿ ಹನ್ನೊಂದರ ಮೇಲೆ ಬಂದಿದ್ದಾರೆ. ಅಷ್ಟು ಹೊತ್ತಿಗೆ ಕೂಲಿಗೆ ಕರೆದವರ ಹಿಂದೆ ಎಲ್ಲರೂ ಹೋಗಿರುತ್ತಾರೆ, ಯಾರೂ ಕರೆಯದವರು ಸಪ್ಪೆ ಮುಖ ಮಾಡಿಕೊಂಡು ರೂಮಿಗೆ ಹೋಗಿರುತ್ತಾರೆ. ಕಟ್ಟೆಯ ಮೇಲೆ ಒಂದು ನಾಯಿ ಮಲಗಿದ್ದಿರಬಹುದು. "ಬೆಳಗ್ಗೆ ಏಳಕ್ಕೆ ಬನ್ನಿ ಮೇಡಂ, ಕಾಲಿಡೋಕೂ ಜಾಗ ಇರಲ್ಲ" ಎಂದೆ. ಪಕ್ಕದಲ್ಲಿದ್ದ ಎಂಜಿನಿಯರ್ ಚಿದಾನಂದ್, "ಅಮ್ಮ, ಪ್ಲಾನ್ ಅಪ್ರೂವ್ ಆಗೋಗಿದೆ. ನಿಮ್ಮ ಏರಿಯಾ ಡೆವಲಪ್ ಆದ್ರೆ ಬಾಡಿಗೆ ಜಾಸ್ತಿ ಆಗೋದು ನಿಮಗೇ ತಾನೆ?" ಎಂದು ನಕ್ಕ. ನಮ್ಮ ಯಜಮಾನರೂ ಪಕ್ಕದಲ್ಲಿ ಕೂತು ತಲೆದೂಗಿದರು. ಮನೆಗೆ ಬಂದ ಮೇಲೆ ಅವರಿಗೆ ನಾನು ಕಾಫಿ ಕೊಡಲಿಲ್ಲ.

ಸಂಗೀತಾ ಮೇಡಂ ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟು ಒಂದು ಬೆಳಗ್ಗೆ ಬಂದರು. ಗಾರೆಯವರು, ಟೈಲ್ಸ್ ಹಾಕುವ ಬಂಗಾಳದವರು, ನಿಮ್ಮ ಯಾದಗಿರಿ ಕಡೆಯ ಹೆಂಗಸರು ಬುತ್ತಿ ಗಂಟು ಹಿಡಿದು ಸಾಲಾಗಿ ಕೂತಿದ್ದನ್ನು ನೋಡಿದರು. "ಇದು ನಮ್ಮ ನಕ್ಷೆಯಲ್ಲಿ ಬರಲೇ ಇಲ್ಲ ಅಮ್ಮ. ಮೇಲಕ್ಕೆ ಬರೆದು ನೋಡ್ತೀನಿ" ಎಂದರು. ನಾನೂ ಅರ್ಜಿ ಕೊಟ್ಟೆ. ನಾಳೆ ಬನ್ನಿ, ಸೋಮವಾರ ಬನ್ನಿ, ಸಾಹೇಬರು ಸೈಟ್ ಮೇಲಿದ್ದಾರೆ. ಆ ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ ಸಾಕಾಗಿ ಹೋಗಿದೆ, ಕೆಂಚವ್ವ. ಕೊನೆಗೆ "ನೋಡೋಣ" ಎಂದಿದ್ದಾರೆ.

ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಬಿಸಿಲು ಏರುವ ಮೊದಲು ಹೊಲದಿಂದ ಬಾ, ಕಾಲಿಗೆ ಎಣ್ಣೆ ಹಚ್ಚಿಕೋ. ಸೊಸೆಯ ಮೇಲೆ ರೇಗಬೇಡ. ಮಧುಶ್ರೀ ಪರೀಕ್ಷೆ ಚೆನ್ನಾಗಿ ಬರೆಯಲಿ. ನೀವು ಮೂವರೂ ತಣ್ಣಗಿರಿ, ನಿಮ್ಮ ಮನೆಯ ಒಲೆ ಆರದಿರಲಿ.

ಇಂತಿ ನಿನ್ನ,
ಮಂಗಮ್ಮ

ವಿ.ಸೂ.: ಮಧುಶ್ರೀ, ಇಲ್ಲಿಂದ ಮುಂದಿನದು ನಿನಗೆ ಮಾತ್ರ. ಅಜ್ಜಿಗೆ ಓದಿ ಹೇಳಬೇಡಮ್ಮ.

ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೇನೆ. ಅವರು "ನೋಡೋಣ" ಎಂದ ಮಾರನೇ ವಾರವೇ ಜೆಸಿಬಿ ಬಂತು. ಕಟ್ಟೆ ಹೋಯಿತು. ಮರ ಇದೆ, ಸುತ್ತ ಕಬ್ಬಿಣದ ಬೇಲಿ, ಒಳಗೆ ಚೆಂಡುಹೂವು. ಕೂಲಿಯವರನ್ನು ರಿಂಗ್ ರೋಡಿನ ಕಡೆಗೆ ಕಳಿಸಿದರು. ದೀಪೇನ್ ಕಾವಲಿರುವುದು ಆ ತೋಟಕ್ಕೇ.

ಹೋದ ವಾರ ಅವನು ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಾ ತಾನಾಗಿಯೇ ಹೇಳಿದ. "ಬೆಳಗ್ಗೆ ಒಂದ್ ಆದ್ಮಿ ಬಂದಿದ್ದ ಆಂಟಿ. ಬ್ಯಾಗ್ ಇತ್ತು. ಬೇಲಿ ಹಿಡ್ಕೊಂಡು ನಿಂತಿದ್ದ. ನಮ್ಮ ಗಲ್ಲಿನೇ ನೋಡ್ತಿದ್ದ, ಒಳಗೆ ಬರ್ಲಿಲ್ಲ. ಇಲ್ಲಿ ನಿಲ್ಲೋದು ಇಲ್ಲ, ಆಗೇ ಜಾವೋ ಅಂದೆ. ಹೋದ." ಕಿವಿ ನೋಡಿದೆಯಾ ಎಂದು ಕೇಳಿದೆ. ಅವನು ತನ್ನ ಎಡಗಿವಿಯ ತುದಿ ಮುಟ್ಟಿ, "ಕಟ್ ಆಗಿತ್ತು ಆಂಟಿ" ಎಂದ.

 ದೀಪೇನನ ತಪ್ಪೇನಿದೆ? ಅವನು ಮಲಗುವುದು ನಿಮ್ಮಪ್ಪ ಮಲಗುತ್ತಿದ್ದ ಜಾಗದಲ್ಲೇ. ಅದು ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಂದಿನಿಂದ ಬೆಳಗ್ಗೆ ರಿಂಗ್ ರೋಡಿಗೇ ಹೋಗುತ್ತಿದ್ದೇನೆ. ಅಲ್ಲಿ ಕೂರುವುದಕ್ಕೆ ಏನೂ ಇಲ್ಲ, ಎಲ್ಲರೂ ನಿಂತೇ ಇರುತ್ತಾರೆ, ಗಾಡಿ ಬಂದರೆ ಓಡುತ್ತಾರೆ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಆದರೂ ಬೆಂಗಳೂರು ಬಿಟ್ಟಿರಲಿಕ್ಕಿಲ್ಲ ಎಂದು ಹೋಗುತ್ತೇನೆ.

ನೀನು ಒಂದು ಕೆಲಸ ಮಾಡು ಮಗಳೇ. ಏಕೆಂದು ಹೇಳದೆ ಅಜ್ಜಿಯನ್ನು ಒಲಿಸಿ, ಹೊಸ್ತಿಲಿನ ಆ ಮಾತನ್ನು ವಾಪಸ್ ತೆಗೆದುಕೊಂಡೆ ಎಂದು ಅವಳ ಬಾಯಿಂದಲೇ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಅವನು ಸಿಕ್ಕರೆ ನಾನು ಕೈ ಹಿಡಿದೆಳೆದರೂ ಬರುವವನಲ್ಲ. ಅವಳ ದನಿ ಕೇಳಿಸಿದರೆ ಬಂದಾನು. ಕಟ್ಟೆ ಇದ್ದಾಗ ಅವರಿಬ್ಬರ ಹಠವೂ ಹೇಗೋ ನಡೆಯುತ್ತಿತ್ತು, ಈಗ ಹೊಸ್ತಿಲು ಬಿಟ್ಟರೆ ಅವನಿಗೆ ಬೇರೆ ಜಾಗವಿಲ್ಲ.