ನಲವತ್ತೊಂದನೆಯ ಪದ್ಯ

ಜೂನ್ 3, ಸೋಮವಾರ

ಬೆಳಗ್ಗೆಯಿಂದ ಬರೀ ವಿಸಿಟಿಂಗ್ ಕಾರ್ಡು. ನಲ್ಲಿ ರಿಪೇರಿಯವನದು ಇನ್ನೂರು, ಹಲ್ಲಿನ ಡಾಕ್ಟರದು ಐನೂರು. ಡಾಕ್ಟರಿಗೆ ಡಿಗ್ರಿಯೆಲ್ಲ ಒಂದೇ ಸಾಲಿನಲ್ಲಿ ಬರಬೇಕಂತೆ. ಸಾಲು ಉದ್ದ, ಕಾರ್ಡು ಗಿಡ್ಡ. ಅಕ್ಷರಗಳನ್ನೆಲ್ಲ ಇರುವೆ ಮಾಡಿ ಕೊಟ್ಟೆ.

ಆಮೇಲೆ ಬ್ಯಾಂಕಿನವರು ಬಂದರು. ಕ್ಯಾಶಿಯರ್ ರಿಟೈರ್ ಆಗುತ್ತಿದ್ದಾರೆ, ಪದ್ಯದಲ್ಲಿ ಒಂದು ಬಿನ್ನವತ್ತಳೆ ಬೇಕು, ಫ್ರೇಮ್ ಹಾಕಿಸಿ. ಪ್ರೆಸ್ಸಿನ ಯಜಮಾನರು ತಲೆ ಎತ್ತಲೂ ಇಲ್ಲ. "ನಂಬರ್ ಹದಿನಾಲ್ಕು ಹಾಕಮ್ಮ."

ನಮ್ಮ ಪ್ರೆಸ್ಸಿನಲ್ಲಿ ಪದ್ಯಗಳದ್ದೇ ಒಂದು ರಿಜಿಸ್ಟರ್. ಮದುವೆಗೆ ಒಂದರಿಂದ ಎಂಟು. ಮಕ್ಕಳ ಹುಟ್ಟುಹಬ್ಬಕ್ಕೆ ಇಪ್ಪತ್ತರಿಂದ ಇಪ್ಪತ್ತೈದು. ನಿವೃತ್ತಿಗೆ ಹದಿನಾಲ್ಕು, ಅದೊಂದೇ. ಒಟ್ಟು ನಲವತ್ತು. ಎಲ್ಲವನ್ನೂ ಯಜಮಾನರೇ ಒಂದು ಕಾಲದಲ್ಲಿ ಬರೆದದ್ದು. ನಲವತ್ತನೆಯದರ ಕೆಳಗಿರುವ ತಾರೀಖಿಗೆ ಈಗ ಹತ್ತೊಂಬತ್ತು ವರ್ಷ. ಹದಿನಾಲ್ಕು ನನಗೆ ಕಣ್ಣು ಮುಚ್ಚಿದರೂ ಬರುತ್ತೆ:

ಸೇವೆಯ ದಾರಿಯ ಸವೆಸಿದ ಪಾದ...

ಮೂವತ್ತು ವರ್ಷ ಕುರ್ಚಿ ಬಿಟ್ಟು ಏಳದ ಕ್ಯಾಶಿಯರಿಗೆ ಯಾವ ದಾರಿ, ಯಾವ ಪಾದ! ತಡೆಯಲಾಗಲಿಲ್ಲ. "ಸರ್, ಇದೊಂದ್ಸಲ ಹೊಸದು ನಾನು ಬರೀಲಾ?"

"ನೀನು ಟೈಪ್ ಮಾಡು."

ಟೈಪ್ ಮಾಡಿದೆ. ಹಲ್ಲು ಕಚ್ಚಿಕೊಂಡು.

ಜೂನ್ 5, ಬುಧವಾರ. ಊಟದ ಹೊತ್ತು

ಸಿಕ್ಕಿತು!! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಇರಲಿ.

ಆಸ್ಪತ್ರೆಯ ನರ್ಸುಗಳು ಮೂವರು ಬಂದಿದ್ದರು. ಅವರ ಹೆಡ್ ನರ್ಸಮ್ಮ ಮೂವತ್ತಾರು ವರ್ಷದ ಮೇಲೆ ಈ ಭಾನುವಾರ ಬಿಡುಗಡೆ. ಯಜಮಾನರು "ಹದಿನಾಲ್ಕು" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು ಕೈಮುಗಿದಳು. "ಸರ್, ಆ ಪಾದದ್ದು ಮಾತ್ರ ಬೇಡ. ನಮ್ಮಲ್ಲಿ ಹನ್ನೊಂದು ಜನಕ್ಕೆ ಅದೇ ಕೊಟ್ಟಿದ್ದೀವಿ. ಈ ಮೇಡಂಗೂ ಅದನ್ನೇ ಕೊಟ್ರೆ ನಮ್ಮನ್ನ ಜೀವಸಹಿತ ಬಿಡಲ್ಲ."

ಅವರ ಹಿಂದೆಯೇ ಪಕ್ಕದಂಗಡಿ ಟೈಲರಮ್ಮ. ಮೊಮ್ಮಗಳಿಗೆ ಭಾನುವಾರ ನಾಲ್ಕು ತುಂಬುತ್ತೆ, ಒಂದು ಶಿಶುಗೀತೆ ಬೇಕು. "ನಿಮ್ಮ ಇಪ್ಪತ್ತೆರಡರಲ್ಲಿ ಗಂಡುಮಗು, ಇಪ್ಪತ್ಮೂರರಲ್ಲಿ ಸಾಧು ಮಗು. ನಮ್ಮದು ಎರಡೂ ಅಲ್ಲಪ್ಪ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಫ್ರೇಮಣ್ಣ (ಫ್ರೇಮ್ ಕಟ್ಟುವುದು ಅವರ ಕೆಲಸ, ನನ್ನ ಪರ ವಹಿಸುವುದು ಅವರ ಹವ್ಯಾಸ) ಸುತ್ತಿಗೆ ನಿಲ್ಲಿಸಿ, "ಆ ಹುಡುಗಿ ಕೈಲಿ ಬರೆಸಿ ಸಾರ್, ಕತ್ತೆ ಬಾಲ ಕುದುರೆ ಜುಟ್ಟು ಏನೋ ಒಂದು ಬರುತ್ತೆ" ಅಂದರು. ಹೊಗಳಿದರೋ ತೆಗಳಿದರೋ ದೇವರೇ ಬಲ್ಲ.

ಯಜಮಾನರು ನನ್ನ ಕಡೆ ನೋಡಿದರು. "ಎರಡೂ ಬರಿ. ಜನ ಒಪ್ಪಿದ್ರೆ ನಲವತ್ತೊಂದು, ನಲವತ್ತೆರಡು ಅಂತ ರಿಜಿಸ್ಟರಿಗೆ ಹತ್ತಿಸ್ತೀನಿ, ಆಮೇಲೆ ಪದ್ಯದ ಟೇಬಲ್ ನಿಂದೇ. ಒಪ್ಪದಿದ್ರೆ ನನ್ನ ಮುಂದೆ ಪದ್ಯ ಅನ್ನೋ ಮಾತು ಇನ್ನೊಮ್ಮೆ ಎತ್ತಬಾರದು."

ನಲವತ್ತೊಂದು. ನಲವತ್ತೊಂದು! ಊಟದ ಡಬ್ಬಿ ತೆರೆದದ್ದು ತೆರೆದ ಹಾಗೇ ಇದೆ.

ಜೂನ್ 6, ಗುರುವಾರ

ಟೈಲರಮ್ಮನ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಆ ಪುಟಾಣಿಯನ್ನು ನೋಡಿದೆ. ಅಬ್ಬಾ! ಅಜ್ಜಿಯ ಗಿರಾಕಿಗಳಿಗೇ ಕೈ ತೋರಿಸಿ "ಅಲ್ಲಿ ಕೂತ್ಕೊಳ್ಳಿ, ಮಾತಾಡ್ಬೇಡಿ" ಅಂತಾಳೆ. ಬೆಕ್ಕು ಕೂಡ ಅವಳನ್ನು ಕಂಡರೆ ಎದ್ದು ಜಾಗ ಕೊಡುತ್ತೆ. ಹೆದರೋದು ಒಂದಕ್ಕೇ. ಹೋದ ತಿಂಗಳು ಇಂಜೆಕ್ಷನ್ ಅಂದಿದ್ದಕ್ಕೆ ಮಂಚದ ಕೆಳಗೆ ಸೇರಿಕೊಂಡವಳನ್ನು ಎಳೆಯಲು ಇಬ್ಬರು ಬೇಕಾಯಿತಂತೆ.

ಮನೆಗೆ ಬರುವ ದಾರಿಯಲ್ಲೇ ಮೊದಲ ಸಾಲು. ಮೆಟ್ಟಿಲು ಹತ್ತುವಾಗ ಎರಡನೆಯದು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಕ್ಕ ಒಂದು ತುತ್ತು ತಿಂದು ತಟ್ಟೆ ಸರಿಸಿದಳು. "ಹುಚ್ಚು ಹಿಡಿದ್ರೆ ಔಷಧಿ ಇದೆ ಕಣೇ. ಈ ಪ್ರಾಸ ಹಿಡಿದ್ರೆ ಏನು ಮಾಡೋದು?"

ಏನು ಬೇಕಾದರೂ ಅನ್ನಲಿ. ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಎದ್ದರೆ ಮನೆಯೇ ಎದ್ದೇಳ್ಬೇಕು,
ಗದ್ದಲ ಗಿದ್ದಲ ನಿಲ್ಲಲೆ ಬೇಕು!
ಹೆಜ್ಜೆಯ ಸಪ್ಪಳ ಕೇಳಿತೊ, ಬೆಕ್ಕೂ
ಬಾಲವ ಮುದುರಿಸಿ ಕೂರಲೆ ಬೇಕು!
ಸೂಜಿಯ ಕಂಡರೆ ಸದ್ದೇ ಇಲ್ಲ,
ಮಂಚದ ಕೆಳಗಡೆ ಅವಿತಿಹಳಲ್ಲ!

ಜೂನ್ 7, ಶುಕ್ರವಾರ

ಹೆಡ್ ನರ್ಸಮ್ಮನದೂ ಆಯಿತು. ಆ ಮೂವರು ನರ್ಸುಗಳನ್ನು ಫೋನಿನಲ್ಲಿ ಕಾಡಿಸಿ ಕೇಳಿದೆ. ರೌಂಡ್ಸಿನಲ್ಲಿ ಅವರು ಒಮ್ಮೆಯೂ ಕೂತಿದ್ದನ್ನು ಯಾರೂ ಕಂಡಿಲ್ಲವಂತೆ. ದೊಡ್ಡ ಡಾಕ್ಟರೇ ಅವರ ಮುಂದೆ ಶರ್ಟಿನ ಗುಂಡಿ ಸರಿ ಮಾಡಿಕೊಳ್ಳುತ್ತಾರಂತೆ.

ಹಗಲಿರುಳೆನ್ನದೆ ಎಚ್ಚರವಿದ್ದಿರಿ,
ನಮ್ಮಯ ನಿದ್ದೆಗೆ ಕಾವಲು ನಿಂತಿರಿ;
ಭಾರವನಿಳಿಸಿರಿ, ಸಾಕಿದು ದಣಿವು,
ವಿಶ್ರಾಂತಿಗೆ ಇದೊ ಹಾಸಿದೆ ಬಿಡುವು.

ಯಜಮಾನರು ಎರಡನ್ನೂ ಎರಡೆರಡು ಸಲ ಓದಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಪ್ರಿಂಟ್ ತೆಗಿ" ಅಂದರು. ಅಷ್ಟು ಸಾಕು ನನಗೆ!

ಜೂನ್ 8, ಶನಿವಾರ

ಎರಡೂ ಫ್ರೇಮ್ ರೆಡಿ. ಒಂದೇ ಅಳತೆ, ಒಂದೇ ಚಿನ್ನದ ಅಂಚು. ಒಳಗೆ ಹೆಸರು ಹಾಕುವಂತಿಲ್ಲ, ಅದು ಯಜಮಾನರ ಕಾನೂನು. ಇನಿಷಿಯಲ್ ತಪ್ಪಿ ಜಗಳ ಆದದ್ದು ಸಾಕಂತೆ. ಫ್ರೇಮಣ್ಣ ಕಂದು ಕಾಗದ ಸುತ್ತಿ, ಕೆಂಪು ದಾರ ಕಟ್ಟಿ, ಹೆಸರಿನ ಚೀಟಿ ಅಂಟಿಸಿದರು. ಕಟ್ಟಿದ ಮೇಲೆ ಬಿಚ್ಚುವುದು ವೇದಿಕೆಯ ಮೇಲೇ.

ಎಲ್ಲರೂ ಊಟಕ್ಕೆ ಹೋದಾಗ ನನಗೆ ಹೊಳೆಯಿತು: "ಅವಿತಿಹಳಲ್ಲ." ಛೆ! ನಾಲ್ಕು ವರ್ಷದ ಮಗು "ಅವಿತಿಹಳು" ಅನ್ನುತ್ತಾ? "ಅಡಗಿದಳಲ್ಲ" ಆಗಬೇಕು. ಬಿಡೋಣ ಅಂದುಕೊಂಡೆ. ಬಿಡಲಾಗಲಿಲ್ಲ. ಹಲ್ಲಿನ ಸಂದಿಯ ಅಡಿಕೆ ಚೂರು, ನಾಲಿಗೆ ಅಲ್ಲಿಗೇ ಹೋಗುತ್ತೆ. ಹೊಸ ಪ್ರಿಂಟ್ ತೆಗೆದೆ, ದಾರ ಬಿಚ್ಚಿದೆ, ಬದಲಾಯಿಸಿದೆ. ಇನ್ನೊಂದನ್ನೂ ಒಂದ್ಸಲ ನೋಡೋಣ ಅನ್ನಿಸಿ ಅದನ್ನೂ ಬಿಚ್ಚಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ತುಂಬ ನೋಡಿದೆ. ಫ್ರೇಮಣ್ಣನ ಚಪ್ಪಲಿ ಸದ್ದು ಕೇಳಿ ಗಡಿಬಿಡಿಯಲ್ಲಿ ಅದೇ ಕಾಗದದಲ್ಲಿ ಸುತ್ತಿ ಕಟ್ಟಿದೆ.

ಯಾರಿಗೂ ಗೊತ್ತಾಗಲಿಲ್ಲ. ನಾಳೆ!

ಜೂನ್ 9, ಭಾನುವಾರ. ಬೆಳಗ್ಗೆ 11

ಈಗ ಬಿಚ್ಚುತ್ತಿರುತ್ತಾರೆ. ಈಗ ಓದುತ್ತಿರುತ್ತಾರೆ. ಅಕ್ಕ ಮೂರು ಸಲ ಹೇಳಿದಳು, ಕೂತ್ಕೋ ಅಂತ. ಆಗುತ್ತಿಲ್ಲ...

ಸಂಜೆ 4

ಫ್ರೇಮಣ್ಣನ ಫೋನ್.

ಚೀಟಿ ಅಲ್ಲಿದ್ದದ್ದು ಇಲ್ಲಿ, ಇಲ್ಲಿದ್ದದ್ದು ಅಲ್ಲಿ. ಪುಟಾಣಿಯ ಪದ್ಯ ಹೋದದ್ದು ಆಸ್ಪತ್ರೆಗೆ. ಆಸ್ಪತ್ರೆಯ ಹಾಲಿನಲ್ಲಿ ಇನ್ನೂರು ಜನರ ಮುಂದೆ ದೊಡ್ಡ ಡಾಕ್ಟರು ರಾಗವಾಗಿ ಓದಿದರಂತೆ. "ಗದ್ದಲ ಗಿದ್ದಲ" ಅಂದಾಗ ಚಪ್ಪಾಳೆ. ಬೆಕ್ಕು ಬಂದಾಗ ಪಿಸುಪಿಸು. ಸೂಜಿ ಬಂದಾಗ ಇಡೀ ಹಾಲು ಬಿದ್ದು ಬಿದ್ದು ನಕ್ಕಿತಂತೆ. ಹೆಡ್ ನರ್ಸಮ್ಮ ಮಾತ್ರ ನಗಲಿಲ್ಲ. ಮುಖ ಕೆಂಪಗಾಗಿ, ಫ್ರೇಮ್ ಕಂಕುಳಲ್ಲಿ ಸಿಕ್ಕಿಸಿಕೊಂಡು, ಊಟವನ್ನೂ ಮಾಡದೆ ಹೊರಟುಹೋದರಂತೆ.

ನನ್ನ ಕೈಯಾರೆ. ನನ್ನ ಕೈಯಾರೆ ಕೆಡಿಸಿದೆ.

ಜೂನ್ 14, ಶುಕ್ರವಾರ. ಮಧ್ಯಾಹ್ನ 1

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಸೋಮವಾರ ಯಜಮಾನರು ಬೈಯಲೂ ಇಲ್ಲ. ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೈದಿದ್ದರೆ ವಾಸಿಯಿತ್ತು. ಟೈಲರಮ್ಮನ ಕಾಲು ಹಿಡಿಯುವುದೊಂದೇ ಬಾಕಿ, ಹಾಗೆ ಕ್ಷಮೆ ಕೇಳಿದೆ. ಅವರು ನಕ್ಕರು. "ನಮ್ಮಯ ನಿದ್ದೆಗೆ ಕಾವಲು" ಅಂತ ಓದಿದಾಗ ಮಗುವಿನ ಅಪ್ಪ "ನಿಜ ನಿಜ, ನಾಲ್ಕು ವರ್ಷದಿಂದ ಒಂದಿನಾನೂ ಮಲಗೋಕೆ ಬಿಟ್ಟಿಲ್ಲ" ಅಂದನಂತೆ. ಪುಟಾಣಿ ಈಗ ನಿದ್ದೆ ಮಾಡುವುದಿಲ್ಲ, "ವಿಶ್ರಾಂತಿಗೆ ಹೋಗ್ತೀನಿ, ಹಾಸಿ" ಅನ್ನುತ್ತಾಳಂತೆ! ಆದರೂ ನನಗೆ ನಗು ಬರಲಿಲ್ಲ. ಮತ್ತೆ ವಿಸಿಟಿಂಗ್ ಕಾರ್ಡು, ಮತ್ತೆ ಇರುವೆ ಅಕ್ಷರ.

ಆದರೆ ಇವತ್ತು! ಇವತ್ತು ಹನ್ನೊಂದು ಗಂಟೆಗೆ ಬಾಗಿಲಲ್ಲಿ ಅವರೇ. ಹೆಡ್ ನರ್ಸಮ್ಮ. ಎತ್ತರದ ಹೆಂಗಸು, ಕಂಕುಳಲ್ಲಿ ಅದೇ ಫ್ರೇಮ್. ಫ್ರೇಮಣ್ಣನ ಸುತ್ತಿಗೆ ತಾನಾಗಿಯೇ ನಿಂತಿತು. ಯಜಮಾನರು ಎದ್ದು ನಿಂತರು.

"ಇದನ್ನ ಬರೆದೋರು ಯಾರು?"

ನಾನೇ ಅಂದೆ.

"ನಿನಗೆ ಹೇಳಿದ್ದು ಯಾರು?"

"ಏನು ಮೇಡಂ?"

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಸೂಜಿ ವಿಷಯ. ಮೂವತ್ತಾರು ವರ್ಷದಲ್ಲಿ ಎಷ್ಟು ಸಾವಿರ ಜನಕ್ಕೆ ಚುಚ್ಚಿದ್ದೀನೋ ಲೆಕ್ಕ ಇಲ್ಲ. ನನಗೆ ಯಾರಾದ್ರೂ ಚುಚ್ಚೋಕೆ ಬಂದ್ರೆ ಮಾತ್ರ ಕೈಕಾಲು ತಣ್ಣಗಾಗುತ್ತೆ. ನನ್ನ ಗಂಡನಿಗೂ ಗೊತ್ತಿರಲಿಲ್ಲ ಅದು. ನಿನಗೆ ಹೇಗೆ ಗೊತ್ತಾಯ್ತು?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಟಾಣಿ, ಮಂಚ, "ಅವಿತಿಹಳಲ್ಲ," ಬಿಚ್ಚಿದ ದಾರ. ಅವರು ಫ್ರೇಮನ್ನೇ ನೋಡುತ್ತಿದ್ದರು. ಆಮೇಲೆ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ... ನಗು! ಕಣ್ಣಲ್ಲಿ ನೀರು ಬರುವಷ್ಟು ನಗು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ನಾಲ್ಕು ವರ್ಷದ ಮಗುಗೆ ಬರೆದದ್ದು ನನಗೆ ಹೊಂದಿತಲ್ಲೇ! ಐದು ದಿನದಿಂದ ಎಲ್ಲರ ಮೇಲೂ ಅನುಮಾನ ಪಟ್ಟಿದ್ದೀನಿ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ತಪ್ಪು ನಮ್ಮದು. ಇದನ್ನ ವಾಪಸ್ ಕೊಟ್ಬಿಡಿ ಮೇಡಂ, ನಿಮ್ಮದು ಬೇರೆ ಇದೆ."

"ಕೊಡಲ್ಲ." ಎರಡೂ ಕೈಯಲ್ಲಿ ಅವುಚಿಕೊಂಡರು, ಥೇಟ್ ಪುಟಾಣಿಯ ಹಾಗೆ. "ಇದನ್ನ ಇನ್ನು ಯಾರಿಗೂ ಕೊಡೋ ಹಾಗೂ ಇಲ್ಲ. ಆ ಪಾದದ ಪದ್ಯ ನಮ್ಮಲ್ಲಿ ಹನ್ನೊಂದು ಜನರ ಗೋಡೆ ಮೇಲಿದೆ. ಅಷ್ಟಕ್ಕೂ ಯಾರ ಪಾದ ಸ್ವಾಮಿ ಅದು?"

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಪ್ಪಂದು," ಅಂದರು ಯಜಮಾನರು. "ಪೋಸ್ಟ್‌ಮ್ಯಾನ್ ಆಗಿದ್ರು. ನಡೆದೂ ನಡೆದೂ ಹಿಮ್ಮಡಿಯೆಲ್ಲ ಒಡೆದಿತ್ತು. ಅವರು ರಿಟೈರ್ ಆದ ದಿನ ಬರೆದದ್ದು. ಕೇಳಿದೋರೆಲ್ಲ ನಮಗೂ ಅದೇ ಬೇಕು ಅಂದ್ರು."

"ಕೇಳಿದ್ರು ಅಂತ ಅಪ್ಪನ ಪಾದ ಊರಿಗೆಲ್ಲ ಹಂಚ್ತಾರೇನ್ರೀ? ಅದನ್ನ ಅವರಿಗೇ ಬಿಡಿ."

ಇಷ್ಟು ವರ್ಷ ಅಣಕಿಸಿದೆನಲ್ಲ ಆ ಸಾಲನ್ನು! ನಾಚಿಕೆಯಾಯಿತು. ಕುರ್ಚಿಯ ಕ್ಯಾಶಿಯರಿಗೆ ಸುಳ್ಳಾದ ಸಾಲು ಆ ಪೋಸ್ಟ್‌ಮ್ಯಾನಿಗೆ ಅಕ್ಷರ ಅಕ್ಷರವೂ ನಿಜ.

ಯಜಮಾನರು ಬೀರುವಿನ ಬೀಗ ತೆಗೆದರು. ರಿಜಿಸ್ಟರಿನಲ್ಲಿ ಹದಿನಾಲ್ಕನೆಯ ಪುಟ ತೆರೆದು, ನಿಧಾನಕ್ಕೆ ಹರಿದು, ಮಡಚಿ ಶರ್ಟಿನ ಜೇಬಿಗಿಟ್ಟುಕೊಂಡರು. ಮತ್ತೆ ಬೀಗ ಹಾಕಲಿಲ್ಲ.

ಜೂನ್ 15, ಶನಿವಾರ. ಬೆಳಗ್ಗೆ 10

ನಲವತ್ತೊಂದು ಇಲ್ಲ. ಯಾವತ್ತೂ ಬರುವುದೂ ಇಲ್ಲ! ಯಜಮಾನರು ಬಂದವರೇ ಅಂದರು, "ಇನ್ಮೇಲೆ ನಂಬರ್ ಇಲ್ಲಮ್ಮ. ಯಾರದ್ದೋ ಅವರದ್ದೇ." ಅಷ್ಟು ಕನಸು ಕಂಡ ನಂಬರ್ ಹೋಯಿತಲ್ಲ ಅಂತ ಬೇಜಾರಾಗಬೇಕಿತ್ತು. ಕುಣಿಯುವ ಹಾಗಾಗುತ್ತಿದೆ. ಈಗ ಕೂತಿರುವುದು ಕಿಟಕಿ ಪಕ್ಕದ ಟೇಬಲ್ಲಿನಲ್ಲಿ. ಪದ್ಯದ ಟೇಬಲ್. ನನ್ನದು. ಫ್ರೇಮಣ್ಣ ಅದರ ಗಡಗಡ ಕಾಲಿಗೆ ಮೊಳೆ ಹೊಡೆದು ಕೊಟ್ಟರು.

ಪುಟಾಣಿಯ ಪದ್ಯ ನರ್ಸಮ್ಮನ ಪಾಲಾಯಿತಲ್ಲ, ಅವಳಿಗೆ ಹೊಸದು ಬೇಕು. ಟೈಲರಮ್ಮ ಸಂಜೆಗೆ ಬರುತ್ತಾರೆ. ಷರತ್ತು ಮಗುವಿನದೇ: ದೊಡ್ಡ ದೊಡ್ಡ ಮಾತಿರಬೇಕು. ಮೂರು ಸಾಲು ಹೊಡೆದುಹಾಕಿದೆ. ನಾಲ್ಕನೆಯದು ಬರುತ್ತಿದೆ, ಬಾಗಿಲಲ್ಲೇ ನಿಂತಿದೆ...

10.20

ಯಜಮಾನರು ಆಗಿನಿಂದ ನನ್ನ ಟೇಬಲ್ ಸುತ್ತ ಸುಳಿದಾಡುತ್ತಿದ್ದಾರೆ. ಮೊದಲ ಸಲ ಅಂಟಿನ ಡಬ್ಬಿ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು. ಎರಡನೆಯ ಸಲ ಕಿಟಕಿ ತೆಗೆದರು. ಮೂರನೆಯ ಸಲ ಕೆಟ್ಟುಹೋದ ಒಂದು ವಿಸಿಟಿಂಗ್ ಕಾರ್ಡು ನನ್ನ ಮುಂದೆ ಇಟ್ಟರು, ಮಗುಚಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ, ನಡುಗುವ ಅಕ್ಷರ:

ಮೊಮ್ಮಗಳೇಳುವ ಮುನ್ನವೆ ಸೂರ್ಯ

"ಬರೆದು ಹತ್ತೊಂಬತ್ತು ವರ್ಷ ಆಯ್ತು," ಅಂದರು. "ಇಲ್ಲಿಗೇ ನಿಂತೋಯ್ತು ನೋಡು."

ಅಯ್ಯೋ, ಎಷ್ಟು ಚೆನ್ನಾಗಿದೆ! ಮುಂದಿನದು ನನಗೆ ಕಾಣಿಸುತ್ತಿದೆ, ಸೂರ್ಯ... ಅವಳ ಅಪ್ಪಣೆ... ಹೇಳಲು ಬಾಯಿ ತೆರೆದೆ. "ಬೇಡ, ಹೇಳ್ಬೇಡ! ಸಿಕ್ತು, ಸಿಕ್ತು," ಅಂತ ಕೈ ಚಾಚಿ ನಿಂತಿದ್ದಾರೆ. ಪೆನ್ಸಿಲ್ ಮೊನೆ ಮುರಿದಿದೆಯಂತೆ, ಈ ಪೆನ್ನೇ ಬೇಕಂತೆ, ಈಗಲೇ, ಕೊಡ್ತೀನಿ ಸರ್, ಒಂದೇ ನಿಮಿಷ, ಈ ಸಾಲು ಮುಗಿ